ಕೂಡುವ ಲೆಕ್ಕ, ಕಳೆಯುವ ಲೆಕ್ಕ

ಸವೆದ ಕುಳದ ತುದಿಗೆ ಕಬ್ಬಿಣ ಬೆಸೆದು, ಬಳಿಕ ಅದರ ಅಂಚನ್ನು ಅರದಿಂದ ತಿದ್ದುತ್ತಿದ್ದ ಕಮ್ಮಾರನನ್ನು ನಾವು ಬಾಲ್ಯದಲ್ಲಿ ಕಂಡಿದ್ದೇವೆ. ಕೂಡುವುದೂ ಕಳೆಯುವುದೂ ಒಂದೇ ಕುಲುಮೆಯಲ್ಲಿ ನಡೆಯುತ್ತಿದ್ದವು. ಈಗ ಒಂದೇ ಯಂತ್ರವು ಇವೆರಡನ್ನೂ ಮಾಡುತ್ತದೆಂದು, ಬೆಂಗಳೂರಿನ ಕಾರ್ಖಾನೆಯೊಂದರಲ್ಲಿರುವ ನಮ್ಮ ಹಳೆಯ ಶಿಷ್ಯನು ಮಲ್ದಕಲ್ಲಿನ ತಿಮ್ಮಪ್ಪನ ಜಾತ್ರೆಗೆ ಬಂದಾಗ ತಿಳಿಸಿದನು.

ಇಂತಹದೊಂದು ಯಂತ್ರವನ್ನು ಡಿ.ಎಂ.ಜಿ. ಮೋರಿ ಸಂಸ್ಥೆಯು 2013ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟಿನಲ್ಲಿ ಪ್ರದರ್ಶಿಸಿತು. ನಳಿಕೆಯಿಂದ ಹೊಮ್ಮುವ ಲೋಹದ ಪುಡಿಯನ್ನು ಲೇಸರ್ ಕಿರಣವು ಕರಗಿಸಿ, ಪದರದ ಮೇಲೆ ಪದರವನ್ನು ಕೂಡಿಸುತ್ತದೆ. ಬಳಿಕ ಲೇಸರಿನ ತಲೆಯು ಪಕ್ಕದ ತನ್ನ ಗೂಡಿಗೆ ಸರಿಯುತ್ತದೆ. ತಿರುಗುವ ಮಿಲ್ಲಿಂಗ್ ಉಳಿಯು ಅದರ ಸ್ಥಾನಕ್ಕೆ ಬಂದು ಹೆಚ್ಚಾದುದನ್ನು ಕಳೆಯುತ್ತದೆ. ವಸ್ತುವನ್ನು ನಡುವೆ ಬಿಚ್ಚಬೇಕಾಗಿಲ್ಲವಾದುದರಿಂದ ಅಳತೆಯ ಮೂಲವು ಕೆಡುವುದಿಲ್ಲ.

“ಯಾವಾಗ ಬದಲಿಸಬೇಕಪ್ಪಾ?” ಎಂದೆವು.

“ಕಷ್ಟವಿರುವುದೇ ಅಲ್ಲಿ, ಗುರುಗಳೆ. ಒಳಗೆ ನೀರು ಹರಿಯುವ ಕಾಲುವೆಯಿದ್ದರೆ, ಅದರ ಮೇಲೆ ಮುಚ್ಚಿಗೆ ಬೀಳುವ ಮೊದಲೇ ಅದನ್ನು ನಯಗೊಳಿಸಬೇಕು. ಆಮೇಲೆ ಉಳಿ ಒಳಗೆ ಹೋಗದು. ಹಾಗೆಂದು ಅವಸರವೂ ಸಲ್ಲದು. ಕಾದ ಲೋಹವು ಹಿಗ್ಗಿರುತ್ತದೆ. ಆಗಲೇ ಕಡೆದರೆ ಆರಿದ ಮೇಲೆ ಅಳತೆ ತಪ್ಪುತ್ತದೆ. ಮರಳಿ ಕೂಡಿಸುವ ಮುನ್ನ ಲೋಹದ ಚೂರಾಗಲಿ ಎಣ್ಣೆಯಾಗಲಿ ಉಳಿದಿರಬಾರದು. ಉಳಿದರೆ ಹೊಸ ಪದರ ಸರಿಯಾಗಿ ಬೆಸೆಯದು.”

ಆ ರಾತ್ರಿ ನಮಗೆ ನಿದ್ರೆ ಬರಲಿಲ್ಲ. ನಮ್ಮ ಐದನೆಯ ತರಗತಿಯ ಹುಡುಗಿಯೊಬ್ಬಳು ಭಾಗಾಕಾರದಲ್ಲಿ ಪದೇ ಪದೇ ತಪ್ಪುತ್ತಿದ್ದಳು. ನಾವು ಭಾಗಾಕಾರವನ್ನೇ ಮತ್ತೆ ಮತ್ತೆ ಹೇಳಿಕೊಡುತ್ತಿದ್ದೆವು. ಮರುದಿನ ಕೆಳಗಿನ ಪದರವನ್ನು ಪರೀಕ್ಷಿಸಿದೆವು. 503ರಲ್ಲಿ 278 ಕಳೆಯಲು ಹೇಳಿದರೆ 375 ಎಂದು ಬರೆದಳು. ಪ್ರತಿಯೊಂದು ಸ್ಥಾನದಲ್ಲಿಯೂ ದೊಡ್ಡ ಅಂಕಿಯಿಂದ ಚಿಕ್ಕದನ್ನು ಕಳೆದಿದ್ದಳು. ದಶಕ ಬಿಡಿಸಿಕೊಳ್ಳುವುದನ್ನು ಅರಿತೇ ಇರಲಿಲ್ಲ. ಎರಡನೆಯ ತರಗತಿಯಲ್ಲಿ ಅವಳಿಗೆ ಕಲಿಸಿದವರು ಬೇರಾರೂ ಅಲ್ಲ, ನಾವೇ. ಪಾಠ ಮುಗಿಸುವ ಅವಸರದಲ್ಲಿ ಆ ತಪ್ಪಿನ ಮೇಲೆ ಮೂರು ವರ್ಷಗಳ ಪದರಗಳನ್ನು ಕೂಡಿಸಿಬಿಟ್ಟಿದ್ದೆವು!

ಪುಣ್ಯಕ್ಕೆ ಮಗುವಿನ ಮನಸ್ಸು ಲೋಹವಲ್ಲ. ಮುಚ್ಚಿದ ಮೇಲೂ ಅಲ್ಲಿಗೆ ದಾರಿಯುಂಟು. ದಿನವೂ ಸಂಜೆ ಅರ್ಧ ಗಂಟೆ, ಹತ್ತು ಹತ್ತು ಕಡ್ಡಿಗಳ ಕಟ್ಟುಗಳನ್ನಿಟ್ಟು ಮೊದಲಿನಿಂದ ತೊಡಗಿದೆವು. ಮೊದಲ ದಿನ ಎಲ್ಲರೆದುರು ತಿದ್ದಿದೆವು, ಹುಡುಗಿ ಅತ್ತಳು. ಕಾದಿರುವಾಗಲೇ ಕಡೆದಿದ್ದೆವು. ಆಮೇಲೆ ಅವಳು ಸಮಾಧಾನಗೊಳ್ಳುವವರೆಗೆ ಕಾದು ತಿದ್ದುವುದನ್ನು ಕಲಿತೆವು.

ನಿನ್ನೆ ಅದೇ ಲೆಕ್ಕಕ್ಕೆ 225 ಎಂದು ಬರೆದಳು. ನಮ್ಮ ಮುಖವನ್ನು ನೋಡದೆಯೇ ಮುಂದಿನ ಲೆಕ್ಕಕ್ಕೆ ಹೋದಳು.