ಹೆಸರು ಕೊರೆದ ಪಾತ್ರೆ

ತಮಿಳುನಾಡಿನ ಚೆಟ್ಟಿನಾಡಿಗೆ ಎಂದಾದರೂ ಹೋದರೆ ಕಾರೈಕುಡಿಯ ಮುನೀಶ್ವರನ್ ಕೋವಿಲ್ ಬೀದಿಯನ್ನು ನೋಡದೆ ಬರಬೇಡಿ. ಅಲ್ಲಿನ ಹಳೆಯ ವಸ್ತುಗಳ ಅಂಗಡಿಗಳಲ್ಲಿ ಬರ್ಮಾ ತೇಗದ ಕಂಬಗಳು, ಎನಾಮೆಲ್ ಪಾತ್ರೆಗಳು, ರವಿವರ್ಮನ ಮುದ್ರಿತ ಚಿತ್ರಗಳು ಒತ್ತೊತ್ತಾಗಿ ಸೇರಿವೆ. ಬರ್ಮಾ, ಮಲಯಗಳಲ್ಲಿ ಲೇವಾದೇವಿ ನಡೆಸಿದ ನಗರತ್ತಾರ್ ಮನೆತನಗಳು ಸುತ್ತಲಿನ ಹಳ್ಳಿಗಳಲ್ಲಿ ಕಟ್ಟಿದ, ಅರಮನೆಯಂಥ ಮನೆಗಳ ಸಾಮಾನುಗಳವು. 1942ರಲ್ಲಿ ಜಪಾನ್ ಬರ್ಮಾವನ್ನು ಆಕ್ರಮಿಸಿದ ಮೇಲೆ ಆ ವ್ಯಾಪಾರ ಕುಸಿಯಿತು. ಮಕ್ಕಳು ದೂರದೂರು ಸೇರಿದರು. ಎಷ್ಟೋ ಮನೆಗಳನ್ನು ಬಿಚ್ಚಿ ಮಾರಲಾಯಿತು.

ನಾನೂ ಅಲ್ಲಿ ಹುಡುಕಾಡಿದೆ. ಕೈಗೆ ಸಿಕ್ಕ ಹಿತ್ತಾಳೆಯ ಪಾತ್ರೆಯೊಂದರ ಕಂಠದಲ್ಲಿ ಚುಕ್ಕಿ ಚುಕ್ಕಿಯಾಗಿ ತಮಿಳಿನ ಅಕ್ಷರಗಳು. ಅಂಗಡಿಯವರು ಓದಿ ಹೇಳಿದರು: ಯಾರೋ ಹೆಣ್ಣುಮಗಳ ಹೆಸರು. ಬೆಲೆ ಕೇಳಲು ನನಗೆ ಬಾಯಿ ಬರಲಿಲ್ಲ. ನನ್ನ ತಾಯಿಯ ಹೆಸರು ಕೊರೆದ ಹಂಡೆಯನ್ನು, ಅವರು ತೀರಿಕೊಂಡ ವರ್ಷವೇ, ತೂಕದ ಲೆಕ್ಕದಲ್ಲಿ ಗುಜರಿಗೆ ಕೊಟ್ಟವನು ನಾನೇ.

ನೂರು ವರ್ಷ ದಾಟಿದ ಕಲಾವಸ್ತುಗಳನ್ನು ಖಾಸಗಿಯವರು ಹೊರದೇಶಕ್ಕೆ ಸಾಗಿಸದಂತೆ 1972ರ ಕಾಯಿದೆ ತಡೆಯುತ್ತದೆ. ಅಟ್ಟದ ಮೇಲಿರುವ ಅಜ್ಜಿಯ ಪಾತ್ರೆಯನ್ನು ಕಾಯಬೇಕಾದವರು ಮಾತ್ರ ನಾವೇ. ಇಂದೇ ಅದನ್ನು ಕೆಳಗಿಳಿಸಿ ತೊಳೆಯಿರಿ. ಅದರ ಮೇಲಿನ ಹೆಸರನ್ನು ಮಕ್ಕಳಿಂದ ಗಟ್ಟಿಯಾಗಿ ಓದಿಸಿರಿ.