ನಾಳೆಯ ಮ್ಯಾಚು, 6ನೇ ನಂಬರು
ನಾಳೆ ಬೆಳಿಗ್ಗೆ ಆಫೀಸಿಗೆ ಹೊರಡೋ ಮುಂಚೆ ಅಮೆರಿಕದ ಎನ್‌ಬಿಎ ಬಾಸ್ಕೆಟ್‌ಬಾಲ್ ನೋಡ್ತೀನಿ. ಬಾಸ್ಟನ್ ಸೆಲ್ಟಿಕ್ಸ್ 18 ಸಲ ಚಾಂಪಿಯನ್, ಲಾಸ್ ಏಂಜಲೀಸ್ ಲೇಕರ್ಸ್ 17 ಸಲ. ಯಾರು ಗೆಲ್ತಾರೋ, ಸಮಬಲದ ಹಳೇ ಹಗೆ. ಆದರೆ 6ನೇ ನಂಬರಿನ ಅಂಗಿ ಯಾರ ಮೈಮೇಲೂ ಇರಲ್ಲ.

ಅದು ಸೆಲ್ಟಿಕ್ಸ್‌ನ ಬಿಲ್ ರಸೆಲ್ ನಂಬರು. 1961ರಲ್ಲಿ ಕೆಂಟಕಿಯ ಲೆಕ್ಸಿಂಗ್ಟನ್‌ನಲ್ಲಿ ಹೋಟೆಲಿನವರು ಕಪ್ಪು ಆಟಗಾರರಿಗೆ ಊಟ ಕೊಡಲ್ಲ ಅಂದರು. ರಸೆಲ್ ಮತ್ತು ಸಂಗಾತಿಗಳು ಆಟಾನೇ ಬಿಟ್ಟು ವಾಪಸ್ ಹೊರಟರು. ಬಿಳಿಯರು ಆಡಿದರು.

ನಮ್ಮೂರ ಹೋಟೆಲಲ್ಲೂ ನಮಗೆ ಬೇರೆ ಲೋಟ. ಅಪ್ಪ ಟೀ ಕುಡಿದು, ತಾವೇ ತೊಳೆದಿಟ್ಟು ಬರ್ತಿದ್ದರು. ಅವರನ್ನ ದೂರಲ್ಲ, ಕೂಲಿ ಕೊಡೋ ಧಣಿ ಅಲ್ಲೇ ಒಳಗೆ ಕೂತಿರ್ತಿದ್ದ. ನನ್ನ ಸಿಟ್ಟು, ಒಳಗೆ ಕೂತು ಸುಮ್ಮನೆ ಟೀ ಕುಡಿದವರ ಮೇಲೆ.

2022ರಲ್ಲಿ ರಸೆಲ್ ತೀರಿಕೊಂಡ ಮೇಲೆ ಇಡೀ ಲೀಗ್ ಆ ನಂಬರನ್ನ ಅವರಿಗೇ ಮೀಸಲಿಟ್ಟಿತು. ನಾಳೆ ಮ್ಯಾಚ್ ನೋಡೋರು ಆ ಖಾಲಿ ನಂಬರನ್ನೂ ನೆನೀರಿ.

ಜೈ ಭೀಮ್.