ಹಾಜರಿಯ ಷರತ್ತು

ದಾನ ಮಾಡುವಾಗ ವಿಧಿ, ದ್ರವ್ಯ, ದಾತೃ, ಪಾತ್ರಗಳನ್ನು ವಿಚಾರಿಸುವುದು ಶ್ರಾವಕರಿಗೆ ಪರಿಚಿತವೇ ಆಗಿದೆ. ಬಡ ಕುಟುಂಬಕ್ಕೆ ಹಣ ನೀಡುವಾಗ ಮಗುವು ತಪ್ಪದೆ ಶಾಲೆಗೆ ಹೋಗತಕ್ಕದ್ದು ಎಂಬ ಷರತ್ತನ್ನು ವಿಧಿಸುವುದು ಉಚಿತವೇ? ವಿದ್ಯಾರ್ಥಿವೇತನ ಕೊಡುವ ಬಸದಿಯ ಟ್ರಸ್ಟುಗಳಿಗೂ ಈ ಪ್ರಶ್ನೆ ಹೊರಗಿನದಲ್ಲ.

೧೯೯೭ರಲ್ಲಿ ಮೆಕ್ಸಿಕೋ ದೇಶವು ‘ಪ್ರೊಗ್ರೆಸಾ’ ಎಂಬ ಯೋಜನೆಯನ್ನು ಆರಂಭಿಸಿತು. ಮಗುವಿನ ಹಾಜರಿ ನೂರಕ್ಕೆ ೮೫ರಷ್ಟಿದ್ದರೆ ತಾಯಿಯ ಕೈಗೆ ಹಣ. ತರಗತಿ ಏರಿದಂತೆ ಮೊತ್ತವೂ ಏರುತ್ತಿತ್ತು. ಏಕೆಂದರೆ ಬೆಳೆದ ಮಗು ಶಾಲೆಗೆ ಹೋದರೆ ಮನೆಗೆ ತಪ್ಪುವ ಕೂಲಿಯೂ ಹೆಚ್ಚು. ಪ್ರಾಥಮಿಕ ಶಾಲೆಯಿಂದ ಮೇಲಿನ ಹಂತಕ್ಕೆ ದಾಟುವಲ್ಲಿ ಇದರ ಫಲ ಎದ್ದು ಕಂಡಿತು.

ಕರ್ನಾಟಕದಲ್ಲಿ ಇದಕ್ಕೆ ಸಮೀಪವಾದುದು ೨೦೦೬-೦೭ರ ಭಾಗ್ಯಲಕ್ಷ್ಮಿ ಯೋಜನೆ. ಬಡತನದ ರೇಖೆಗಿಂತ ಕೆಳಗಿನ ಕುಟುಂಬದ ಹೆಣ್ಣುಮಗುವಿನ ಹೆಸರಿನಲ್ಲಿ ಸರ್ಕಾರವು ಮೊದಲಿಗೆ ೧೦,೦೦೦ ರೂಪಾಯಿಗಳನ್ನು ಠೇವಣಿಯಿರಿಸಿತು. ಮಗು ಎಂಟನೆಯ ತರಗತಿಯವರೆಗೆ ಓದಬೇಕು, ಬಾಲಕಾರ್ಮಿಕಳಾಗಬಾರದು, ೧೮ ವರ್ಷಕ್ಕೆ ಮೊದಲು ವಿವಾಹವಾಗಬಾರದು. ೨೦೨೦-೨೧ರಿಂದ ಇದು ಅಂಚೆ ಕಚೇರಿಯ ಸುಕನ್ಯಾ ಸಮೃದ್ಧಿ ಖಾತೆಗೆ ಮಾರ್ಪಟ್ಟಿತು. ಉದ್ದೇಶ ಶ್ಲಾಘ್ಯ. ಆದರೆ ಲೆಕ್ಕ ಬರೆದು ಬಲ್ಲವರಿಗೆ ಒಂದು ಕೊರತೆ ಕಾಣದಿರದು: ಮನೆಯ ಬಾಕಿ ಈ ತಿಂಗಳದು, ಮುಖ್ಯ ಮೊತ್ತ ಕೈಸೇರುವುದು ಹದಿನೆಂಟು ವರ್ಷದ ಮೇಲೆ.

ಉತ್ತರ ಕನ್ನಡದ ಘಟ್ಟದ ಮೇಲಿನ ತಾಲ್ಲೂಕುಗಳನ್ನು ನೋಡಿದರೆ ಇನ್ನೊಂದು ತೊಡಕು ಹೊಳೆಯುತ್ತದೆ. ದಾಂಡೇಲಿಯು ಕಾಗದದ ಕಾರ್ಖಾನೆಯ ಪಟ್ಟಣ. ಅಲ್ಲಿಯ ಮಗುವಿಗೆ ಶಾಲೆ ದೂರವಲ್ಲ. ಅದೇ ಕಾಳಿ ನದಿಯ ಮೇಲ್ದಂಡೆಯ ಜೋಯಿಡಾದಲ್ಲಿ ಊರೆಂದರೆ ಅನೇಕ ಕಡೆ ಕಾಡಿನ ನಡುವೆ ಚದುರಿದ ಕೆಲವೇ ಮನೆಗಳು. ಮಳೆಗಾಲದಲ್ಲಿ ಹಳ್ಳ ತುಂಬಿ ಕಾಲುಸಂಕ ಮುಳುಗಿದರೆ ಹಾಜರಿ ಪುಸ್ತಕದಲ್ಲಿ ಬೀಳುವ ಗುರುತು ಮಗುವಿನದೇ, ಹಳ್ಳದ್ದಲ್ಲ. ಹಳಿಯಾಳ, ಮುಂಡಗೋಡಗಳಲ್ಲಿ ಕೂಲಿಗೆ ಹೋಗುವ ತಾಯಿಯು ಹಸುಗೂಸನ್ನು ಯಾರ ಬಳಿ ಬಿಟ್ಟಾಳು? ಹಿರಿಯ ಮಗಳೇ ಮನೆಯಲ್ಲಿ ಉಳಿಯಬೇಕು. ಇದಲ್ಲದೆ ಸಿದ್ದಿಗಳ ಮತ್ತು ಕುಣಬಿಗಳ ಮನೆಮಾತು ಕೊಂಕಣಿ, ಗೌಳಿಗಳದು ಮರಾಠಿಯ ಒಂದು ಬಗೆ; ಪಾಠವೋ ಕನ್ನಡದಲ್ಲಿ. ಮೊದಲ ವರ್ಷ ಏನೂ ತಿಳಿಯದೆ ಕುಳಿತ ಮಗು ಎರಡನೆಯ ವರ್ಷ ಬಾರದಿದ್ದರೆ ಅದನ್ನು ತಂದೆತಾಯಿಯರ ಉದಾಸೀನವೆನ್ನಲಾಗದು. ಷರತ್ತು ಮಾತ್ರ ಎಲ್ಲ ಗೈರನ್ನೂ ಒಂದೇ ಎಂದು ಎಣಿಸುತ್ತದೆ. ಹಾಗಾಗಿ ಹಣವು ಮೊದಲು ತಪ್ಪುವುದು ಯಾರಿಗೆ ಅದು ಹೆಚ್ಚು ಬೇಕೋ ಅವರಿಗೇ.

ಆಫ್ರಿಕದ ಮಲಾವಿ ದೇಶದಲ್ಲಿ ೨೦೦೮-೦೯ರಲ್ಲಿ ಕೆಲವು ಹುಡುಗಿಯರಿಗೆ ಷರತ್ತಿನೊಂದಿಗೆ, ಕೆಲವರಿಗೆ ಷರತ್ತಿಲ್ಲದೆ ಹಣ ಕೊಟ್ಟು ಪರೀಕ್ಷಿಸಲಾಯಿತು. ಓದಿನಲ್ಲಿ ಷರತ್ತಿನ ಗುಂಪೇ ಮುಂದಾಯಿತು, ಇದನ್ನು ಮರೆಮಾಚಬೇಕಾಗಿಲ್ಲ. ಆದರೆ ಎಳೆಯ ವಯಸ್ಸಿನ ವಿವಾಹ, ಗರ್ಭಧಾರಣೆಗಳು ಷರತ್ತಿಲ್ಲದ ಗುಂಪಿನಲ್ಲಿ ಕಡಿಮೆಯಾದವು. ಶಾಲೆ ಬಿಟ್ಟವರಿಗೂ ಅಲ್ಲಿ ಹಣ ನಿಲ್ಲಲಿಲ್ಲ.

ಬ್ರೆಜಿಲಿನಲ್ಲಿ ೨೦೦೩ರಲ್ಲಿ ಬಂದ ‘ಬೋಲ್ಸಾ ಫಮೀಲಿಯಾ’ ನಡುದಾರಿಯೊಂದನ್ನು ಹಿಡಿಯಿತು: ಹಾಜರಿ ತಗ್ಗಿದರೆ ಮೊದಲು ಎಚ್ಚರಿಕೆ, ಅನಂತರ ತಾತ್ಕಾಲಿಕ ತಡೆ, ರದ್ದತಿ ಕಡೆಯದು. ಟ್ರಸ್ಟುಗಳ ಪುಸ್ತಕದಲ್ಲಿ ಗೈರಿನ ದಿನಗಳ ಪಕ್ಕದಲ್ಲಿ ಕಾರಣಕ್ಕೊಂದು ಅಂಕಣವಿರಲಿ. ಅದನ್ನು ತುಂಬಲು ಒಬ್ಬರು ಆ ಮನೆಯವರೆಗೆ ನಡೆದು ಹೋಗಲಿ. ಕಾರಣವು ಹಳ್ಳವೆಂದಾದರೆ ಆ ತಿಂಗಳ ಹಣವನ್ನು ತಡೆಯದೆ, ಕಾಲುಸಂಕಕ್ಕಾಗಿ ಪಂಚಾಯಿತಿಗೆ ಟ್ರಸ್ಟೇ ಅರ್ಜಿ ಬರೆಯಬಹುದು.